ಉದರಶೂಲೆ: ದಾಸಚರಿತ್ರೆಯ ಒಂದು ಪದವೂ ಪಿತ್ತಕೋಶದ ವಿರಳ ವ್ಯಾಧಿಗಳೂ

ರಾಯಚೂರು ಜಿಲ್ಲೆಯ ಮಾನ್ವಿ ಮತ್ತು ದೇವದುರ್ಗದ ಸೀಮೆಯನ್ನು ಹದಿನೆಂಟನೆಯ ಶತಮಾನದ ಹರಿದಾಸ ಸಾಹಿತ್ಯದ ತವರೆಂದು ಕರೆಯುವುದು ಉಚಿತವಾಗಿದೆ. ವಿಜಯದಾಸರ ಚೀಕಲಪರವಿಯೂ ಜಗನ್ನಾಥದಾಸರ ಬ್ಯಾಗವಟ್ಟಿಯೂ ಮಾನ್ವಿಯ ಕಡೆಯವು. ಗೋಪಾಲದಾಸರ ಮೊಸರಕಲ್ಲು, ಜಾಲಹಳ್ಳಿಯಂತೆ, ದೇವದುರ್ಗದ ಕಡೆಯದು. ಈ ಮೂವರನ್ನೂ ಒಂದುಗೂಡಿಸುವ ಕಥೆಯ ನಡುವೆ ಒಂದು ಹೊಟ್ಟೆಬೇನೆಯಿದೆ.

ಸಂಸ್ಕೃತ ಪಂಡಿತರಾದ ಶ್ರೀನಿವಾಸಾಚಾರ್ಯರು ಕನ್ನಡದ ದಾಸರನ್ನು ಲಘುವಾಗಿ ಕಂಡು, ವಿಜಯದಾಸರು ಭೋಜನಕ್ಕೆ ಕರೆದಾಗ ಅನಾರೋಗ್ಯದ ನೆವ ಹೇಳಿದರಂತೆ. ನೆವವೇ ನಿಜವಾಗಿ ಅವರನ್ನು ಬಾಧಿಸಿತು. ಕಡೆಗೆ ಗೋಪಾಲದಾಸರು ತಮ್ಮ ಆಯುಸ್ಸಿನ 40 ವರ್ಷಗಳನ್ನು ಜೋಳದ ರೊಟ್ಟಿಯ ಮೂಲಕ ಅವರಿಗೆ ಧಾರೆಯೆರೆದರೆಂದು ಸಂಪ್ರದಾಯ ಹೇಳುತ್ತದೆ. ಅವರೇ ಮುಂದೆ ‘ಹರಿಕಥಾಮೃತಸಾರ’ದ ಕರ್ತೃಗಳಾದ ಜಗನ್ನಾಥದಾಸರು (1728–1809). ರೋಗವನ್ನು ಕೆಲವರು ಉದರಶೂಲೆಯೆಂದೂ ಕೆಲವರು ಕ್ಷಯವೆಂದೂ ಹೇಳುವುದುಂಟು. ಭಕ್ತರ ನಂಬುಗೆಯ ವಿಚಾರ ಇಲ್ಲಿಯದಲ್ಲ. ಉದರಶೂಲೆಯೆಂಬ ಪದ ಏನನ್ನು ಹೇಳಬಲ್ಲದು ಎಂಬುದಷ್ಟೇ ನಮ್ಮ ಪ್ರಶ್ನೆ.

ಅದು ರೋಗದ ಹೆಸರಲ್ಲ, ಲಕ್ಷಣದ ಹೆಸರು. ‘ಮಾಧವನಿದಾನ’ವು ಶೂಲೆಯನ್ನು ದೋಷಭೇದದಿಂದ ಎಂಟು ಬಗೆಯಾಗಿ ವಿಂಗಡಿಸಿ, ಅನ್ನ ಜೀರ್ಣವಾಗುವಾಗ ಏಳುವ ಪರಿಣಾಮಶೂಲವನ್ನು ಬೇರೆಯಾಗಿ ಹೇಳುತ್ತದೆ. ಗಮನಿಸುವ ಕಣ್ಣು ಚುರುಕಾಗಿಯೇ ಇತ್ತು. ಆದರೆ ಅಲ್ಲಿಯ ಪಿತ್ತವು ತ್ರಿದೋಷಗಳಲ್ಲೊಂದು; ಯಕೃತ್ತಿನ ಕೆಳಗೆ ಅಂಟಿಕೊಂಡು ಪಿತ್ತರಸವನ್ನು ಕೂಡಿಡುವ ಸಣ್ಣ ಚೀಲಕ್ಕೆ ಅದು ಸೀಮಿತವಲ್ಲ. ಇಂದಿಗೂ ನಮ್ಮಲ್ಲಿ ‘ಪಿತ್ತ’ವೆಂದರೆ ತಲೆಸುತ್ತು, ಹುಳಿವಾಂತಿ, ಅದು ನೆತ್ತಿಗೇರಿದರೆ ಕೋಪ.

ಬದುಕಿರುವವನ ಪಿತ್ತಕೋಶದ ರೋಗವನ್ನು ಬಿಡಿಸಿ ನೋಡುವುದು ಯೂರೋಪಿನಲ್ಲಿಯೂ ತಡವಾಗಿಯೇ ಸಾಧ್ಯವಾಯಿತು. 1882ರಲ್ಲಿ ಬರ್ಲಿನ್ನಿನ ಲಾಂಗೆನ್‌ಬುಖ್ ಮೊದಲ ಬಾರಿಗೆ ಆ ಚೀಲವನ್ನೇ ತೆಗೆದನು. 1924ರಲ್ಲಿ ಅಮೆರಿಕದ ಗ್ರಹಾಮ್ ಮತ್ತು ಕೋಲ್ ಅದನ್ನು ಕ್ಷಕಿರಣದಲ್ಲಿ ಕಾಣಿಸಿದರು. ಶ್ರವಣಾತೀತ ಧ್ವನಿಯ ಪರೀಕ್ಷೆ ಬಳಕೆಗೆ ಬಂದ ಮೇಲೆ ಕಲ್ಲಿನ ರೋಗವು ಸುಲಭಗೋಚರವಾಯಿತು. ವಿರಳವಾದವು ಮಾತ್ರ ಈಗಲೂ ವೈದ್ಯನನ್ನು ದಾರಿ ತಪ್ಪಿಸುತ್ತವೆ. ಕಲ್ಲೇ ಇಲ್ಲದೆ ಪಿತ್ತಕೋಶ ಊದಿಕೊಳ್ಳುವುದೊಂದು: ದೊಡ್ಡ ಸುಟ್ಟಗಾಯ, ದೀರ್ಘ ನಿರಾಹಾರ, ಕಠಿಣ ಕಾಯಿಲೆಗಳಲ್ಲಿ, ಕೆಲವೊಮ್ಮೆ ವಿಷಮಶೀತಜ್ವರದಲ್ಲಿ, ಇದು ತಲೆದೋರಿ ಬೇಗನೆ ಕೊಳೆತಕ್ಕೆ ತಿರುಗಬಹುದು. ವಿಷಮಶೀತಜ್ವರದ ಜೀವಾಣುವಂತೂ ಗುಣವಾದವನ ಪಿತ್ತಕೋಶದಲ್ಲಿ ವರ್ಷಗಟ್ಟಲೆ ನೆಲೆಸಬಲ್ಲದು. ಅರ್ಜೆಂಟೀನದ ಮಿರಿಜ್ಜಿ 1948ರಲ್ಲಿ ವರ್ಣಿಸಿದ ವ್ಯಾಧಿಯಲ್ಲಿ, ಚೀಲದ ಕೊರಳಲ್ಲಿ ಸಿಕ್ಕಿದ ಕಲ್ಲು ಪಕ್ಕದ ಪಿತ್ತನಾಳವನ್ನು ಒತ್ತಿ ಕಾಮಾಲೆಯನ್ನು ತರುತ್ತದೆ. ಗೋಡೆಯಲ್ಲಿ ಸುಣ್ಣಾಂಶ ಕೂಡಿ ಪಿಂಗಾಣಿಯಂತಾಗುವುದೂ ಉಂಟು. ಎಲ್ಲಕ್ಕಿಂತ ಘೋರವಾದುದು ಅರ್ಬುದ. ಗಂಗಾನದಿಯ ಬಯಲಿನಲ್ಲಿ ಹೆಚ್ಚಾಗಿರುವ ಇದು ದಕ್ಷಿಣದಲ್ಲಿ ಅಷ್ಟಾಗಿ ಕಾಣದು. ಮೊದಮೊದಲು ಇದೂ ಬರಿಯ ಹೊಟ್ಟೆನೋವೇ, ಇಲ್ಲವೆ ಅದೂ ಇಲ್ಲ. ಆದ್ದರಿಂದಲೇ ಪತ್ತೆಯಾಗುವಾಗ ಕಾಲ ಮೀರಿರುತ್ತದೆ.

ಇವುಗಳಲ್ಲೊಂದನ್ನು ದಾಸರ ಕಥೆಗೆ ಅಂಟಿಸುವುದು ಸುಲಭ, ಆದರೆ ಸಾಧುವಲ್ಲ. ನೋವು ಬಲಪಕ್ಕೆಯಲ್ಲಿತ್ತೇ, ಬೆನ್ನಿಗೆ ಹಾಯುತ್ತಿತ್ತೇ, ಜ್ವರವಿತ್ತೇ ಎಂಬ ವಿವರ ಕಥೆಯಲ್ಲಿಲ್ಲ. ಕಾಮಾಲೆಯು ಹಳ್ಳಿಗಳಲ್ಲಿಯೂ ಹೆಸರಿನಿಂದ ಪರಿಚಿತವಾದ ರೋಗ. ಪ್ರಚಲಿತ ಕಥನವು ಅದನ್ನೂ ಎತ್ತುವುದಿಲ್ಲ. ಹುಣ್ಣು, ಜಂತು, ಮೂತ್ರದ ಕಲ್ಲು—ಯಾವುದೂ ಆ ಒಂದು ಪದದಲ್ಲಿ ಅಡಗಬಹುದು. ನಿಷೇಧರೂಪವಾಗಿ ಮಾತ್ರ ಒಂದಿಷ್ಟು ಹೇಳಲು ಬರುತ್ತದೆ. 1755ರಲ್ಲಿ ವಿಜಯದಾಸರು ತೀರಿಕೊಂಡರು; ಬೇನೆ ಅದಕ್ಕೆ ಮುಂಚಿನದು. ರೋಗಿಯಾದರೋ ಅನಂತರ 50 ವರ್ಷಕ್ಕೂ ಮಿಕ್ಕಿ ಬಾಳಿ, 1809ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ ಮಾನ್ವಿಯಲ್ಲಿ ದೇಹವಿಟ್ಟರು. ಅರ್ಬುದವಾಗಲಿ ಕೊಳೆತ ಪಿತ್ತಕೋಶವಾಗಲಿ ಶಸ್ತ್ರಚಿಕಿತ್ಸೆಯಿಲ್ಲದ ಆ ಕಾಲದಲ್ಲಿ ಇಷ್ಟು ಅವಧಿಯನ್ನು ಕೊಡುತ್ತಿರಲಿಲ್ಲ.