ಪದ ಪರಿಚಯ: ನೀತಿ

ಸಂಸ್ಕೃತದ ‘ನೀ’ ಧಾತುವಿನಿಂದ ಬಂದ ಪದ. ಧಾತುವಿನ ಅರ್ಥ ಕರೆದೊಯ್ಯು, ನಡೆಸು. ನಾಯಕ, ನೇತಾರ, ವಿನಯ, ನೇತ್ರ ಎಲ್ಲವೂ ಇದೇ ಬಳ್ಳಿಯ ಕಾಯಿಗಳು.

ಕನ್ನಡದಲ್ಲಿ ಇದಕ್ಕೆ ಎರಡು ಮುಖ್ಯ ಅರ್ಥ. ‘ನೀತಿಕಥೆ’, ‘ನೀತಿಗೆಟ್ಟವನು’ ಎಂಬಲ್ಲಿ ಸರಿ-ತಪ್ಪಿನ ವಿವೇಕ. ‘ಕೈಗಾರಿಕಾ ನೀತಿ’, ‘ಬೆಲೆ ನೀತಿ’ ಎಂಬಲ್ಲಿ ಆಡಳಿತದ ಧೋರಣೆ. ವ್ಯಾಪಾರದಲ್ಲಿ ಈ ಎರಡೂ ಒಂದೇ ಗಲ್ಲಾಪೆಟ್ಟಿಗೆಯ ಮುಂದೆ ಎದುರಾಗುತ್ತವೆ.

ಜರ್ಮನ್ ತತ್ತ್ವಜ್ಞಾನಿ ಕಾಂಟ್ 1785ರ ತನ್ನ ಗ್ರಂಥದಲ್ಲಿ ಒಬ್ಬ ಅಂಗಡಿಯವನ ಉದಾಹರಣೆ ಕೊಡುತ್ತಾನೆ. ಏನೂ ಅರಿಯದ ಮಗು ಬಂದರೂ ಆತ ಎಲ್ಲರಿಗೆ ಹೇಳುವ ಬೆಲೆಯನ್ನೇ ಹೇಳುತ್ತಾನೆ. ಗಿರಾಕಿ ಕೈತಪ್ಪದಿರಲಿ ಎಂದು ಹಾಗೆ ಮಾಡಿದರೆ ಅದು ಬರಿಯ ಜಾಣತನ. ಕರ್ತವ್ಯವೆಂದು ಮಾಡಿದರೆ ಮಾತ್ರ ಅದಕ್ಕೆ ನೈತಿಕ ಬೆಲೆ ಎಂಬುದು ಕಾಂಟನ ವಾದ. ಬೆಂಥಾಮ್ ಮತ್ತು ಮಿಲ್ ಅವರ ಉಪಯುಕ್ತತಾವಾದ ಫಲವನ್ನು ತೂಗುತ್ತದೆ: ಇದರಿಂದ ಎಷ್ಟು ಜನರಿಗೆ ಎಷ್ಟು ಹಿತ? ಅರಿಸ್ಟಾಟಲನಿಗೆ ಮುಖ್ಯವಾದದ್ದು ರೂಢಿಯಿಂದ ಬೆಳೆದ ಸದ್ಗುಣ: ಇಂಥ ವ್ಯವಹಾರ ಮಾಡುತ್ತ ಮಾಡುತ್ತ ನಾನು ಎಂಥವನಾಗುತ್ತೇನೆ?

ಕರ್ತವ್ಯ, ಫಲ, ಸ್ವಭಾವ ಈ ಮೂರನ್ನೂ ಕೇಳಿಕೊಂಡು ಹೆಜ್ಜೆ ಇಟ್ಟಾಗಲೇ ಸಂಸ್ಥೆಯ ‘ನೀತಿ’ ತನ್ನ ಧಾತುವಿಗೆ ನಿಷ್ಠವಾಗುತ್ತದೆ, ನಿಜಕ್ಕೂ ದಾರಿ ನಡೆಸುತ್ತದೆ.