ಅರಸರ ಕೈಮ್ಯಾಲಿನ ಗಿಡುಗ, ನಮ್ಮ ಬೇವಿನ ಗಿಡದಾಗ

ಗುರುಗುಂಟಾದಾಗ ಅಳಿಲುಗಳು ಒಮ್ಮೆಲೆ ಚೀರಿದ್ರೆ ಬೇವಿನ ಗಿಡ ನೋಡ್ರಿ. ಪಾರಿವಾಳದಷ್ಟು ಗಾತ್ರ, ಬೂದು ಬೆನ್ನು, ಎದಿಮ್ಯಾಲೆ ಕಂದು ಅಡ್ಡಗೆರೆ ಇದ್ರೆ ಅದು ಶಿಕ್ರಾ, ಸಣ್ಣ ಗಿಡುಗ. ಗಂಡಿನ ಕಣ್ಣು ಕೆಂಪು, ಹೆಣ್ಣಿಂದು ಹಳದಿ. ಬಾಲ ಕವಲಾಗಿ, ಮುಗಿಲಾಗ ಸುತ್ತು ಹೊಡೆಯೋದು ಹದ್ದು. ಇದು ಎಲೆ ಮರೆಯಾಗ ಕೂತು ಕಾಯ್ತದ.

ನಮ್ಮ ಸೀಮೆ ಆಳಿದ ಕಲ್ಯಾಣ ಚಾಲುಕ್ಯರ 3ನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ಗಿಡುಗ ಬಿಟ್ಟು ಆಡೋ ಬೇಟೆಗೇ ಒಂದು ಭಾಗ ಅದ! ಶಿಕ್ರಾ ಬೇಗ ಪಳಗ್ತದ, ಅದಕ್ಕೇ ಬೇಟೆಗಾರರು ಲಾವಕ್ಕಿ ಹಿಡಿಯಾಕ ಇದನ್ನ ಸಾಕ್ತಿದ್ರು. ಹೆಣ್ಣಿಗೆ ಶಿಕ್ರಾ, ಗಂಡಿಗೆ ಚಿಪ್ಕಾ ಅಂತಿದ್ರು.

ಈಗ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಹಿಡಿಯೋದೂ ಅಪರಾಧ. ಕೋಳಿಮರಿ ಕಳ್ಳ ಅಂತ ಕಲ್ಲು ಬೀಸಬ್ಯಾಡ್ರಪಾ, ಇದು ಹೆಚ್ಚು ಹಿಡಿಯೋದು ಓತಿಕ್ಯಾತ, ಇಲಿ, ಸಣ್ಣ ಹಕ್ಕಿ.