ಕದಿರಿನ ಭಾರವೂ ನೂಲಿನ ಹುರಿಯೂ

12ನೆಯ ಶತಮಾನದ ಶರಣೆ ಕದಿರ ರೆಮ್ಮವ್ವೆಯ ಕಾಯಕವು ಆಕೆಯ ಹೆಸರಿನಲ್ಲಿಯೇ ನಿಂತಿರುವುದು. ಕದಿರು ನೋಟಕ್ಕೆ ಸರಳ; ಅದರ ಗತಿಯಾದರೋ ಸೂಕ್ಷ್ಮವಾದುದು.

ಕೈಯಿಂದ ತಿರುವುವ ತಕಲಿಯಲ್ಲಿ ಇದು ಸ್ಪಷ್ಟವಾಗುವುದು. ನೂಲು ಸುತ್ತಿಕೊಂಡಂತೆಲ್ಲ ಅದರ ದ್ರವ್ಯರಾಶಿ ಹೆಚ್ಚುವುದು. ಬೆರಳು ಮೊದಲಿನಷ್ಟೇ ಬಲದಿಂದ ತಿರುವಿದರೂ ವೇಗವು ಕುಗ್ಗುವುದು. ಭಾರವೊಂದೇ ಇದಕ್ಕೆ ಕಾರಣವಲ್ಲ. ಅಕ್ಷದಿಂದ ಅದರ ದೂರವು ಇಮ್ಮಡಿಸಿದರೆ ತಿರುಗುವಿಕೆಗೆ ಅದು ಒಡ್ಡುವ ಜಡತ್ವವು ನಾಲ್ಮಡಿಯಾಗುವುದು. ಆದುದರಿಂದ ಕಡ್ಡಿಯನ್ನಪ್ಪಿದ ಮೊದಲ ಸುತ್ತುಗಳು ಗತಿಯನ್ನು ಅಷ್ಟಾಗಿ ಕೆಡಿಸವು. ಹೊರಗಿನ ಸುತ್ತುಗಳೇ ಕೆಡಿಸುವುವು. ಇದನ್ನರಿಯದೆ ಹಂಜಿಯನ್ನು ಎಳೆದರೆ ಹುರಿ ಸಾಲದೆ ಎಳೆ ಹರಿಯುವುದು.

ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಕೈನೂಲಿನ ರಾಷ್ಟ್ರಧ್ವಜಕ್ಕೆ ಹೆಸರಾದುದು. ಅದರ ಧ್ವಜಕ್ಕೆ 2006ರಲ್ಲಿ ಭಾರತೀಯ ಮಾನಕ ಬ್ಯೂರೋದ ಪ್ರಮಾಣವು ದೊರೆಯಿತು. ಧ್ವಜಸಂಹಿತೆಗೆ 2021ರ ಡಿಸೆಂಬರ್ 30ರಂದು ಆದ ತಿದ್ದುಪಡಿಯು ಯಂತ್ರದ ಬಟ್ಟೆಗೂ ಪಾಲಿಯೆಸ್ಟರಿಗೂ ಎಡೆಗೊಟ್ಟಿತು.

ಯಂತ್ರದ ಕದಿರಿಗೂ ನಿಯಮವು ಇದೇ. ಆದರೆ ವೇಗದ ಕುಂದನ್ನರಿತು ಎಳೆತವನ್ನು ತಡೆಯುವ ಬೆರಳು ಅಲ್ಲಿಲ್ಲ. ಕೈನೂಲಿನ ಬೇಡಿಕೆ ಕುಗ್ಗಿದರೆ ರೆಮ್ಮವ್ವೆಯ ಕಾಯಕದೊಡನೆ ಆ ಬೆರಳಿನ ಅರಿವೂ ಅಳಿಯುವ ಭಯವುಂಟು.